ಮೆಂತ್ಯ ನೆನೆಸದ ತಿಂಗಳು

ಮೆಕ್ಕೆಜೋಳದ ದಂಟು ತಿಂದು ವಿಮಾನಕ್ಕೆ ಎಣ್ಣೆ ಕೊಡುವ ಜೀವಿಯೊಂದು ಇದ್ದರೆ ಹೇಗೆ? ಈ ಪ್ರಶ್ನೆ ಕೇಳಿದ್ದು ಓಸ್ಟ್ರಾಮ್ ಎಂಬ ವಿಮಾನ ತಯಾರಿಕಾ ಕಂಪನಿ. ಉತ್ತರ ಸಿಕ್ಕಿದ್ದು ದಾವಣಗೆರೆಯ ಹೊರವಲಯದಲ್ಲಿದ್ದ ನಮ್ಮ ಕಾರ್ಖಾನೆಯಲ್ಲಿ. ಆ ಉತ್ತರದಿಂದ ನಮ್ಮ ಓಣಿಯ ದೋಸೆಗೆ ಏನಾಯಿತು, ಆ ದೋಸೆಯವರು ನಮ್ಮನ್ನೆಲ್ಲ ಹೇಗೆ ಉಳಿಸಿದರು ಎಂಬುದನ್ನು ಬರೆದಿಡಬೇಕು ಅನ್ನಿಸಿದೆ. ಉಪಕಾರ ಪಡೆದವರು ಬಾಯಿ ಮುಚ್ಚಿಕೊಂಡಿರಬಾರದು.

ನಾನು ವಿಶಾಲಾಕ್ಷಿ. ಸೂಕ್ಷ್ಮಜೀವಿಗಳ ವಿಷಯದಲ್ಲಿ ಡಾಕ್ಟರೇಟ್ ಮಾಡಿದವಳು. ಓಣಿಯವರಿಗೆ ಡಾಕ್ಟರು ಅಂದರೆ ಡಾಕ್ಟರೇ. ಯಾರಿಗೆ ಜ್ವರ ಬಂದರೂ ನನ್ನ ಬಾಗಿಲು ತಟ್ಟುತ್ತಾರೆ. ಆಸ್ಪತ್ರೆಗೆ ಹೋಗಿ ಎಂದರೆ, ಡಾಕ್ಟ್ರಮ್ಮನಿಗೆ ಒಂದು ಗುಳಿಗೆ ಕೊಡಲಿಕ್ಕೂ ಕೈ ಬಾರದು ಎಂದು ಗೊಣಗುತ್ತಾ ಹೋಗುತ್ತಾರೆ. ಕಾರ್ಖಾನೆಯಲ್ಲಿ ಬೀಜಕೋಣೆ ಎಂಬ ವಿಭಾಗ ನನ್ನದಾಗಿತ್ತು. ಬ್ರೆಡ್ಡು ಉಬ್ಬಿಸುವ ಯೀಸ್ಟ್ ಇದೆಯಲ್ಲ, ಅದರ ಸಂಸಾರದ್ದೇ ಒಂದು ತಳಿಯನ್ನು ಅಲ್ಲಿ ಸಾಕುತ್ತಿದ್ದೆವು. ಸಕ್ಕರೆ ತಿಂದು ಮದ್ಯ ಮಾಡುವ ಅದರ ಹಳೆಯ ಚಾಳಿ ಬಿಡಿಸಿ, ದಂಟು, ಹಿಟ್ಟು ಏನು ಕೊಟ್ಟರೂ ತಿಂದು ತಿಳಿಯಾದ ಎಣ್ಣೆ ಮಾಡುವ ಹೊಸ ಚಾಳಿ ಕಲಿಸಲಾಗಿತ್ತು. ಬೀಜಕೋಣೆಯಲ್ಲಿ ಮರಿ ಮಾಡಿ ದೊಡ್ಡ ತೊಟ್ಟಿಗಳಿಗೆ ಬಿಟ್ಟರೆ ಮುಗಿಯಿತು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತಿತ್ತು. ಆ ಎಣ್ಣೆಗೆ ಎಳೆ ಮಾವಿನಕಾಯಿಯ ಸೊನೆಯ ವಾಸನೆ. ಕೆಲಸ ಮುಗಿಸಿ ಮನೆಗೆ ಬಂದರೆ ನನ್ನ ಗಂಡ ಕೊಟ್ರೇಶ, ಉಪ್ಪಿನಕಾಯಿ ಹಾಕಲಿಕ್ಕೆ ಹೋಗಿದ್ದೆಯೋ ಕೆಲಸಕ್ಕೆ ಹೋಗಿದ್ದೆಯೋ ಎಂದು ಕೇಳುತ್ತಿದ್ದರು.

ಓಸ್ಟ್ರಾಮ್‌ಗೆ ಇದ್ದ ಎದುರಾಳಿ ಬೆಲ್‌ಕ್ರೆಸ್ಟ್. ಪೂರ್ತಿ ಸಸ್ಯಮೂಲದ ಎಣ್ಣೆಯಲ್ಲಿ ಹಾರುವ ದೊಡ್ಡ ವಿಮಾನವನ್ನು ಯಾರು ಮೊದಲು ಹಾರಿಸುತ್ತಾರೋ ಅವರಿಂದಲೇ ಜಗತ್ತಿನ ವಿಮಾನಯಾನ ಸಂಸ್ಥೆಗಳು ಮುಂದೆ ವಿಮಾನ ಕೊಳ್ಳುತ್ತವೆ ಎಂಬುದು ಎರಡೂ ಕಡೆಯ ಲೆಕ್ಕಾಚಾರ. ಬೆಲ್‌ಕ್ರೆಸ್ಟ್‌ನವರು ಒಂದು ಮರದ ಬೀಜದಿಂದ ಎಣ್ಣೆ ತೆಗೆಯುತ್ತಿದ್ದರು, ಆ ಮರ ನೆಡಲು ಸಮುದ್ರದಾಚೆಯ ದ್ವೀಪಗಳಲ್ಲಿ ಕಾಡು ಬೋಳಿಸಿದ್ದರು. ಅವರ ವಿಮಾನ ಕಾಡು ತಿಂದು ಹಾರುತ್ತದೆ ಎಂದು ಓಸ್ಟ್ರಾಮ್ ಜಾಹೀರಾತು ಕೊಟ್ಟಿತು. ಇವರ ವಿಮಾನ ರಾಕ್ಷಸ ಕ್ರಿಮಿಯ ಬೆನ್ನೇರಿ ಹಾರುತ್ತದೆ ಎಂದು ಬೆಲ್‌ಕ್ರೆಸ್ಟ್ ತಿರುಗಿಸಿ ಕೊಟ್ಟಿತು. ಜಗಳದಲ್ಲಿ ಇಬ್ಬರೂ ಸುಳ್ಳು ಹೇಳುವುದು ವಾಡಿಕೆ. ಇಲ್ಲಿ ಇಬ್ಬರೂ ನಿಜವನ್ನೇ ಹೇಳುತ್ತಿದ್ದರು, ಆದರೆ ಎದುರಿನವರ ಬಗ್ಗೆ ಮಾತ್ರ.

ಯೀಸ್ಟ್ ತೊಟ್ಟಿಯಿಂದ ಆಚೆ ಹೋದರೆ ಏನು ಗತಿ ಎಂದು ಓಸ್ಟ್ರಾಮ್‌ನವರು ಯೋಚಿಸಿರಲಿಲ್ಲ ಎಂದರೆ ತಪ್ಪಾಗುತ್ತದೆ. ಅದಕ್ಕೊಂದು ಲಗಾಮು ಹಾಕಿದ್ದರು. ಒಂದು ಅಪರೂಪದ ಅಮೈನೋ ಆಮ್ಲ ಸಿಗದಿದ್ದರೆ ಅದು ಬದುಕದಂತೆ ಮಾಡಿದ್ದರು. ಆ ಆಮ್ಲವನ್ನು ನಾವೇ ದಿನವೂ ತೊಟ್ಟಿಗೆ ಬೆರೆಸುತ್ತಿದ್ದೆವು. ನಮ್ಮ ಕೈ ತುತ್ತು ಇಲ್ಲದೆ ಅದಕ್ಕೆ ಬಾಳಿಲ್ಲ ಎಂಬ ಧೈರ್ಯ. ಆ ಲಗಾಮು ಗಟ್ಟಿ ಇದೆಯೇ ಎಂದು ನಾವೂ ಪರೀಕ್ಷೆ ಮಾಡಿದೆವು. ಗೋಧಿ, ಅಕ್ಕಿ, ಉದ್ದು, ರಾಗಿ, ಹಾಲು, ಹೊಲದ ಮಣ್ಣು, ಕೆರೆಯ ನೀರು ಒಂದೊಂದನ್ನೂ ಬೇರೆ ಬೇರೆ ತಟ್ಟೆಯಲ್ಲಿಟ್ಟು ಯೀಸ್ಟ್ ಬಿಟ್ಟೆವು. ಎಲ್ಲದರಲ್ಲೂ ಸತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಇನ್ನು ನಮ್ಮ ಊಟದ ಡಬ್ಬಿಗಳ ವಿಷಯ. ಬೀಜಕೋಣೆಯ ಹೊರಗಿನ ಮೊಗಸಾಲೆಯಲ್ಲಿ ಒಂದು ಬೆಚ್ಚನೆಯ ಕೊಳವೆ ಹಾದುಹೋಗಿತ್ತು. ತಣ್ಣಗಾದ ಪಲ್ಯ ತಿನ್ನುವುದು ನಮ್ಮ ಕಡೆಯವರಿಂದ ಆಗದ ಕೆಲಸ. ಬಂದವರೆಲ್ಲ ಡಬ್ಬಿಯನ್ನು ಆ ಕೊಳವೆಯ ಮೇಲೆ ಸಾಲಾಗಿ ಇಡುತ್ತಿದ್ದೆವು, ವಿದೇಶದಿಂದ ತಪಾಸಣೆಯವರು ಬಂದಾಗ ಮಾತ್ರ ತೆಗೆಯುತ್ತಿದ್ದೆವು. ಕೊಳವೆಯ ಒಂದು ಕೀಲಿನಿಂದ ಬೀಜಕೋಣೆಯ ಬೆಚ್ಚನೆ ಗಾಳಿ, ಅದರ ಜೊತೆ ಯೀಸ್ಟ್ ಕೂಡ, ಸಣ್ಣಗೆ ಹೊರಬರುತ್ತಿತ್ತು ಎಂದು ಆಮೇಲೆ ತಿಳಿಯಿತು. ಆ ಗಾಳಿಯಲ್ಲಿ ಮಿಂದ ಡಬ್ಬಿಗಳು ಸಂಜೆ ಮನೆಗೆ ಬಂದು, ಹಿಟ್ಟಿನ ಪಾತ್ರೆಯ ಪಕ್ಕದಲ್ಲೇ ತೊಳೆಸಿಕೊಳ್ಳುತ್ತಿದ್ದವು.

ನಮ್ಮ ಮನೆಯಲ್ಲಿ ಹಿಟ್ಟು ರುಬ್ಬುವುದು ಕೊಟ್ರೇಶ. ಬೋರ್‌ವೆಲ್ ಪಂಪು ಮಾರುವ ಅಂಗಡಿ ಅವರದು, ಸಂಜೆಗೆ ಬೇಗ ಬಂದುಬಿಡುತ್ತಾರೆ. ಅಕ್ಕಿ, ಉದ್ದು, ಒಂದು ಹಿಡಿ ಮಂಡಕ್ಕಿ, ಒಂದು ಚಮಚ ಮೆಂತ್ಯ. ಆ ಚಳಿಗಾಲದಲ್ಲಿ ಓಣಿಯಲ್ಲಿ ಯಾರ ಹಿಟ್ಟೂ ಉಬ್ಬಲಿಲ್ಲ, ಕೊಟ್ರೇಶನ ಹಿಟ್ಟು ಮಾತ್ರ ಪಾತ್ರೆಯಿಂದ ಇಳಿದು ಕಟ್ಟೆಯ ಮೇಲೆ ಹರಿಯಿತು. ದೋಸೆ ಹೊಯ್ದರೆ ಎಣ್ಣೆಯೇ ಬೇಡ, ತಾನಾಗಿ ಗರಿಗರಿ ಏಳುತ್ತಿತ್ತು. ಚಳಿಯಲ್ಲಿ ಹಿಟ್ಟು ಹುಳಿಯದಿದ್ದರೆ ಚೆನ್ನಾಗಿ ಹುಳಿಯುವ ಮನೆಯಿಂದ ಒಂದು ಸೌಟು ಹಳೆ ಹಿಟ್ಟು ಬೇಡಿ ತಂದು ಬೆರೆಸುವುದು ನಮ್ಮಲ್ಲಿ ರೂಢಿ. ಕೇಳಿದವರಿಗೆ ಇಲ್ಲ ಅನ್ನುವಂತಿಲ್ಲ. ಕೊಟ್ರೇಶ ಇಲ್ಲ ಅನ್ನಲೂ ಇಲ್ಲ, ಕೇಳದವರಿಗೂ ಕರೆದು ಕೊಟ್ಟರು. ನಮ್ಮ ಹೆಂಡ್ತಿ ಯೀಸ್ಟ್ ಓದಿದಾಳ, ನಾನು ಹಿಟ್ಟು ಓದೀನಿ ಎಂದು ಓಣಿಯ ತುಂಬ ಹೇಳಿಕೊಂಡು ತಿರುಗಿದರು. ಗಂಡಸಿಗೆ ಹೊಗಳಿಕೆ ಸಿಕ್ಕರೆ ತಡೆಯುವವರು ಯಾರು?

ಎದುರುಮನೆಯ ಹಾಲಮ್ಮನವರೂ ಒಂದು ಸೌಟು ಒಯ್ದರು. ಅವರದು ಬೆಣ್ಣೆದೋಸೆ ಹೋಟೆಲು, ನಾಲ್ಕು ಬೆಂಚು, ಒಂದು ದೊಡ್ಡ ಕಾವಲಿ, ಸೌದೆ ಒಲೆ. ಅವರ ಹಿಟ್ಟು ಅತ್ತೆಯ ಕಾಲದಿಂದ ಮುರಿಯದೆ ಬಂದದ್ದು. ದಿನವೂ ಮುಗಿಯುವ ಮುಂಚೆ ಒಂದು ಸೌಟು ಎತ್ತಿಟ್ಟು ಮರುದಿನದ ಹಿಟ್ಟಿಗೆ ಬೆರೆಸುವುದು. ಊರಲ್ಲಿ ಎಷ್ಟು ಹೋಟೆಲುಗಳಿದ್ದರೂ ಹಾಲಮ್ಮನವರ ದೋಸೆಯ ಹುಳಿ ಬೇರೆ ಕಡೆ ಸಿಗದು ಎಂದು ಹರಿಹರದಿಂದಲೂ ಜನ ಬರುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ನಾನೂ ಕೊಟ್ರೇಶನೂ ಅಲ್ಲಿಗೆ ಹೋದೆವು. ಹೊಸಿಲು ದಾಟುವಾಗಲೇ ನನಗೆ ಮಾವಿನ ಸೊನೆಯ ವಾಸನೆ ಬಡಿಯಿತು. ಪುಷ್ಯ ಮಾಸದಲ್ಲಿ ಮಾವೆಲ್ಲಿಂದ ಬರಬೇಕು? ನನ್ನ ಬಟ್ಟೆಯದೇ ಇರಬೇಕೆಂದು ಸೆರಗು ಮೂಸಿ ನೋಡಿಕೊಂಡೆ, ಅಲ್ಲ. ಅಷ್ಟರಲ್ಲಿ ಹಾಲಮ್ಮ ಕಾವಲಿಯ ಮೇಲೆ ಹಿಟ್ಟು ಸುರಿದರು, ಅಂಚಿನಿಂದ ನೀಲಿ ಜ್ವಾಲೆ ಬುಸ್ಸೆಂದು ಎದ್ದು ಅವರ ಮೊಣಕೈವರೆಗೂ ನೆಕ್ಕಿತು. ಒದ್ದೆ ಗೋಣಿ ಹಾಕಿ ಆರಿಸಿದರು. ಕೈ ಕೆಂಪಾಗಿತ್ತು, ಅವರು ಮಾತ್ರ ಸೌದೆಯನ್ನು ಬೈಯುತ್ತಿದ್ದರು. ನಾನು ದೋಸೆ ತಿನ್ನದೆ ಎದ್ದು ಮನೆಗೆ ಬಂದೆ.

ಮನೆಯ ಹಿಟ್ಟನ್ನು ಸಣ್ಣ ಶೀಶೆಯಲ್ಲಿ ತುಂಬಿಕೊಂಡು ಸೋಮವಾರ ಪ್ರಯೋಗಾಲಯಕ್ಕೆ ಹೋದೆ. ನಮ್ಮ ಯೀಸ್ಟಿಗೆ ಒಂದು ಗುರುತು ಇಟ್ಟಿದ್ದೆವು, ನೇರಳೆ ದೀಪದ ಕೆಳಗೆ ಹಿಡಿದರೆ ಅದು ಹಸಿರಾಗಿ ಹೊಳೆಯುತ್ತದೆ. ದೀಪ ಹಾಕಿದೆ. ಶೀಶೆ ಹಸಿರಾಗಿ ಹೊಳೆಯಿತು. ನಮ್ಮ ಕೈ ತುತ್ತಿಲ್ಲದೆ ಅದು ಬದುಕಿದ್ದು ಹೇಗೆ? ಮಧ್ಯಾಹ್ನದವರೆಗೂ ತಲೆ ಕೆಡಿಸಿಕೊಂಡು, ಕೊನೆಗೆ ಕೊಟ್ರೇಶನಿಗೆ ಫೋನು ಮಾಡಿ ಹಿಟ್ಟಿಗೆ ಏನೇನು ಹಾಕುತ್ತೀರಿ ಎಂದು ಕೇಳಿದೆ. ಅವರು ಪಾಕಶಾಸ್ತ್ರದ ಪಾಠವನ್ನೇ ಶುರು ಮಾಡಿದರು. ಮೆಂತ್ಯ ಎಂಬ ಮಾತು ಬಂದಾಗ ನಾನು ಕುರ್ಚಿಯಲ್ಲಿ ಕುಳಿತೆ.

ಆ ಅಪರೂಪದ ಆಮ್ಲ ಮೆಂತ್ಯದಲ್ಲಿ ಇದೆ. ಲಗಾಮು ಹೆಣೆದವರು ತಣ್ಣನೆ ದೇಶದವರು, ಅವರ ಊಟದಲ್ಲಿ ಮೆಂತ್ಯವಿಲ್ಲ. ನಾವೋ, ಹುಟ್ಟಿದಾಗಿನಿಂದ ತಿಂದವರು. ಪರೀಕ್ಷೆಗೆ ಧಾನ್ಯ ಇಟ್ಟೆವು, ಬೇಳೆ ಇಟ್ಟೆವು. ಮೆಂತ್ಯ ಸಾಂಬಾರ ಡಬ್ಬಿಯ ಸಾಮಾನು, ಅದನ್ನು ಯಾರು ಊಟ ಎಂದು ಎಣಿಸುತ್ತಾರೆ? ಮನೆಯಲ್ಲಿ ನೆನೆಸಿ ರುಬ್ಬುವ ಹಾಗೆ ಎಲ್ಲವನ್ನೂ ಕೂಡಿಸಿ ಒಂದೇ ಒಂದು ತಟ್ಟೆ ಇಟ್ಟಿದ್ದರೆ ಸಾಕಿತ್ತು. ದಿನವೂ ದೋಸೆ ತಿನ್ನುವ ಇಡೀ ವಿಭಾಗದಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ.

ಸುಟ್ಟ ಕೈ ಸಣ್ಣ ಮಾತು. ಪಾತ್ರೆ ತೊಳೆದ ನೀರು ಚರಂಡಿಗೆ ಹೋಗುತ್ತದೆ, ಚರಂಡಿಯ ನೀರು ಊರಂಚಿನ ಸೊಪ್ಪಿನ ಮಡಿಗಳಿಗೆ. ಅಲ್ಲಿ ವರ್ಷವಿಡೀ ಮೆಂತ್ಯ ಸೊಪ್ಪು ಬೆಳೆಯುತ್ತಾರೆ. ಒಮ್ಮೆ ಆ ಬೇರುಗಳಿಗೆ ಹತ್ತಿದರೆ ಯೀಸ್ಟಿಗೆ ಶಾಶ್ವತ ತವರುಮನೆ. ಆಮೇಲೆ ಸೊಪ್ಪಿನ ಗಾಡಿಯೇರಿ ಮಾರುಕಟ್ಟೆಗೆ, ಮಾರುಕಟ್ಟೆಯ ಅಂಗಳದಲ್ಲಿ ಗುಡ್ಡದಂತೆ ಸುರಿದ ಮೆಕ್ಕೆಜೋಳಕ್ಕೆ. ಒಳಗೊಳಗೇ ಎಣ್ಣೆಯಾಗುತ್ತಿರುವ ಜೋಳದ ರಾಶಿಯ ಪಕ್ಕ ಒಬ್ಬ ಹಮಾಲ ಬೀಡಿ ಹಚ್ಚಿದರೆ ಸಾಕು. ನನಗೆ ಕಂಡದ್ದು ಅದು.

ಕಾರ್ಖಾನೆಯ ನಿರ್ದೇಶಕ ಭಾರ್ಗವ ಕೆಟ್ಟ ಮನುಷ್ಯರಲ್ಲ. ನಿಯಂತ್ರಣ ಕೊಠಡಿಯಲ್ಲಿ ಪರದೆಗಳ ಮುಂದೆ ನಿಂತು ನಾನು ಹೇಳಿದ್ದನ್ನೆಲ್ಲ ಕೇಳಿದರು. ಮುಂದಿನ ವಾರವೇ ಓಸ್ಟ್ರಾಮ್ ವಿಮಾನದ ಮೊದಲ ಹಾರಾಟ, ಬೆಂಗಳೂರಿನಿಂದ ಅವರ ದೇಶದ ರಾಜಧಾನಿಗೆ. ಈಗ ಸುದ್ದಿ ಹೊರಬಿದ್ದರೆ ಬೆಲ್‌ಕ್ರೆಸ್ಟ್ ಗೆದ್ದಂತೆ, ಕಾರ್ಖಾನೆ ಮುಚ್ಚಿದಂತೆ, ಇಷ್ಟು ಜನರ ಅನ್ನಕ್ಕೆ ಕಲ್ಲು ಬಿದ್ದಂತೆ ಎಂದರು. ಹಾರಾಟ ಮುಗಿಯಲಿ, ಆಮೇಲೆ ಸದ್ದಿಲ್ಲದೆ ಓಣಿಗೆ ಔಷಧಿ ಹೊಡೆಸೋಣ ಎಂದರು. ಯಾವ ಔಷಧಿ ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಗೊತ್ತಿದ್ದರೆ ಒಬ್ಬಳಿಗೆ ಗೊತ್ತಿರಬೇಕು ಅನ್ನಿಸಿತು. ಲವೀನಾ ಮಥಾಯಸ್, ಮಂಗಳೂರಿನವಳು, ನನ್ನ ಜೊತೆ ಓದಿದವಳು, ಈಗ ಬೆಲ್‌ಕ್ರೆಸ್ಟ್‌ನ ಇಂಧನ ವಿಭಾಗದ ಮುಖ್ಯಸ್ಥೆ. ಎದುರಾಳಿ ಕಂಪನಿಯವರ ಜೊತೆ ಮಾತಾಡಿದರೆ ಕೆಲಸ ಹೋಗುತ್ತದೆ ಎಂದು ಇಬ್ಬರೂ ಸಹಿ ಹಾಕಿದವರು. ಕೊಟ್ರೇಶನ ಅಂಗಡಿಯ ಫೋನಿನಿಂದ ಕರೆ ಮಾಡಿದೆ. ನಾನು ಮೆಂತ್ಯದ ತನಕ ಹೇಳಿ ನಿಲ್ಲಿಸಿದೆ.

“ನಮ್ಮಲ್ಲಿಯೂ ಇದೇ ಆದದ್ದು ಮಾರಾಯ್ತಿ,” ಎಂದಳು. “ಬೇರೆ ದೇಶ, ಬೇರೆ ತಿಂಡಿ. ಅದಕ್ಕೇ ನಾವು ಯೀಸ್ಟ್ ಬಿಟ್ಟು ಮರಕ್ಕೆ ಹೋದದ್ದು. ಯಾರಿಗೂ ಹೇಳಬಾರದು ಅಂತ ಮುಚ್ಚಿ ಹಾಕಿದರು.”

ಅವರು ಹೇಳಿದ್ದರೆ ನಾವು ಬೀಳುತ್ತಿರಲಿಲ್ಲ. ಹೇಳಿದ್ದರೆ ಓಸ್ಟ್ರಾಮ್‌ಗೆ ಉಪಕಾರ ಮಾಡಿದಂತಾಗುತ್ತಿತ್ತಲ್ಲ! ಒಬ್ಬರು ಬಿದ್ದ ಬಾವಿಗೆ ಇನ್ನೊಬ್ಬರು ಬೀಳಲಿ ಎಂದು ಕಾಯುವುದನ್ನೇ ವ್ಯಾಪಾರ ಎನ್ನುತ್ತಾರೆ. ಆದರೆ ಲವೀನಾ ಅಂದು ಮುಚ್ಚಿಡಲಿಲ್ಲ. ಔಷಧಿ ಯಾವುದೂ ಇಲ್ಲ, ಹಸಿವೊಂದೇ ದಾರಿ ಎಂದಳು. ಆ ಯೀಸ್ಟ್ ತುತ್ತು ಸಿಗದಾಗ ಬೀಜ ಕಟ್ಟಿಕೊಂಡು ಮಲಗುವ ಜಾತಿಯದಲ್ಲ, ಸತ್ತೇ ಹೋಗುತ್ತದೆ. ಅದರ ತುತ್ತನ್ನು ಊರಿಗೆ ಊರೇ ಒಂದು ತಿಂಗಳು ನಿಲ್ಲಿಸಬೇಕು, ಇರುವ ಹಿಟ್ಟನ್ನೆಲ್ಲ ಚರಂಡಿಗೆ ಚೆಲ್ಲದೆ ಕುದಿಸಿ ಕೊಲ್ಲಬೇಕು. ಅವರಲ್ಲಿ ಒಂದೆರಡು ಮನೆಯವರು ಸ್ವಲ್ಪ ಉಳಿಸಿಕೊಂಡಿದ್ದರಿಂದ ಎರಡು ಸಲ ಮೊದಲಿನಿಂದ ಶುರು ಮಾಡಬೇಕಾಯಿತಂತೆ. ಫೋನು ಇಡುವ ಮುಂಚೆ ನನ್ನ ಹೆಸರು ಹೇಳಬೇಕಾದರೆ ಹೇಳು, ಪರವಾಗಿಲ್ಲ ಎಂದಳು. ಆ ಒಂದು ಮಾತಿಗೆ ನಾನು ಅವಳಿಗೆ ಇಡೀ ಜನ್ಮ ಋಣಿ.

ಇನ್ನು ಉಳಿದದ್ದು ಹಾಲಮ್ಮ. ಓಣಿಯವರು ನನ್ನ ಮಾತು ಕೇಳುವವರಲ್ಲ, ಹಿಟ್ಟಿನ ವಿಷಯದಲ್ಲಿ ಹಾಲಮ್ಮ ಹೇಳಿದ್ದೇ ವೇದ. ಅವರೋ ತಮ್ಮ ಹಿಟ್ಟನ್ನು ಕೊಡುವುದುಂಟೇ? ನೇರಳೆ ದೀಪವನ್ನು ಚೀಲದಲ್ಲಿ ಹಾಕಿಕೊಂಡು, ಮಧ್ಯಾಹ್ನ ಹೋಟೆಲು ಖಾಲಿಯಾದಾಗ ಹೋದೆ. ಅವರ ಕೈಗೆ ಬಟ್ಟೆ ಸುತ್ತಿದ್ದರು. ಉಗ್ರಾಣದ ಬಾಗಿಲು ಹಾಕಿಸಿ, ಹಿಟ್ಟಿನ ಕೊಳಗದ ಮುಚ್ಚಳ ತೆಗೆದು ದೀಪ ಹಿಡಿದೆ. ಕೊಳಗ ಹಸಿರಾಗಿ ಬೆಳಗಿತು. ಹಾಲಮ್ಮ ಒಂದು ಹೆಜ್ಜೆ ಹಿಂದೆ ಸರಿದು, ಆಮೇಲೆ ಹತ್ತಿರ ಬಂದು ಬಗ್ಗಿ ನೋಡಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇದು ಎಲ್ಲಿಂದ ಬಂತು, ಯಾರ ಡಬ್ಬಿಯಲ್ಲಿ ಬಂತು, ಅವರ ಕೈ ಯಾಕೆ ಸುಟ್ಟಿತು, ಬಿಟ್ಟರೆ ಮಾರುಕಟ್ಟೆಗೆ ಏನಾಗುತ್ತದೆ, ಎಲ್ಲವನ್ನೂ.

ಅವರು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

“ನಮ್ಮತ್ತಿ ಹಿಟ್ಟು ಇದು ಡಾಕ್ಟ್ರಮ್ಮ,” ಎಂದರು. “ಅವ್ರು ತೀರಿಕೊಂಡಾಗ ಹೆಣ ಇನ್ನೂ ಪಡಸಾಲ್ಯಾಗ ಇತ್ತು, ನಾನು ಒಳಗ ಬಂದು ಒಂದ್ ಸೌಟು ಎತ್ತಿಟ್ಟೆ. ಅವ್ರೇ ಹೇಳಿ ಹೋಗಿದ್ರು.”

ನನಗೆ ತಡೆಯಲಾಗಲಿಲ್ಲ. ಒಂದು ಸೌಟು ನನಗೆ ಕೊಡಿ, ಪ್ರಯೋಗಾಲಯದಲ್ಲಿ ಕೆಟ್ಟದ್ದನ್ನು ಬೇರ್ಪಡಿಸಿ ನಿಮ್ಮ ಅತ್ತೆಯ ಹುಳಿಯನ್ನು ಉಳಿಸಿಕೊಡಲು ನೋಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದೆ. ಆಗುತ್ತಿತ್ತೋ ಇಲ್ಲವೋ, ಅವರ ಮುಖ ನೋಡಿ ಬಾಯಿಂದ ಬಂದುಬಿಟ್ಟಿತು. ಹಾಲಮ್ಮ ಮುಚ್ಚಳ ಮುಚ್ಚಿದರು.

“ಬ್ಯಾಡ್ರಿ. ನಾನು ಒಂದ್ ಸೌಟು ಇಟ್ಕೊಂಡ್ರ ಓಣ್ಯಾಗ ಎಲ್ಲಾರೂ ಒಂದೊಂದು ಸೌಟು ಇಟ್ಕೋತಾರ. ಯಾರಿಗೂ ತಿಳಿಯಲ್ಲ ಅಂತ ಅವ್ರೂ ಅಂದ್ಕೋತಾರ.”

ಮರುದಿನ ಬೆಳಿಗ್ಗೆ, ಬೆಂಚು ತುಂಬ ಗಿರಾಕಿಗಳು ಕುಳಿತಿರುವಾಗ, ಅವರು ದೊಡ್ಡ ಹಂಡೆಯನ್ನು ಹೋಟೆಲಿನ ಮುಂದೆ ಒಲೆ ಹೂಡಿ ಇಡಿಸಿದರು. ಉರಿ ಹತ್ತಿಕೊಳ್ಳದಂತೆ ನೀರು ಹೆಚ್ಚು ಹಾಕಿ ಎಂದು ನಾನೇ ಹೇಳಿದ್ದೆ. ಕೊಳಗವನ್ನು ಇಬ್ಬರು ಎತ್ತಿ ತಂದರು. ಹಾಲಮ್ಮ ಅದಕ್ಕೆ ಕುಂಕುಮ ಹಚ್ಚಿ, ಕೈ ಮುಗಿದು, ಹಿಟ್ಟನ್ನೆಲ್ಲ ಹಂಡೆಗೆ ಸುರಿದು, ಸುಟ್ಟಿರದ ಕೈಯಿಂದ ಕುದಿಯುವವರೆಗೂ ತಿರುವಿದರು. ಕೊಳಗದ ತಳವನ್ನು ಬಿಸಿನೀರಿನಿಂದ ತೊಳೆದು ಅದನ್ನೂ ಹಂಡೆಗೇ ಹಾಕಿದರು. ಓಣಿ ನೋಡುತ್ತ ನಿಂತಿತ್ತು. ಆಮೇಲೆ ಜನರ ಕಡೆ ತಿರುಗಿ, ಹಿಟ್ಟಿಗೆ ರೋಗ ಬಂದಿದೆ, ನಿಮ್ಮ ಮನೆಯದನ್ನೂ ತನ್ನಿ, ಒಂದು ತಿಂಗಳು ಯಾರೂ ದೋಸೆ ಹಿಟ್ಟು ರುಬ್ಬುವಂತಿಲ್ಲ, ಮೆಂತ್ಯ ನೆನೆಸುವಂತಿಲ್ಲ, ಒಗ್ಗರಣೆಗೂ ಹಾಕುವಂತಿಲ್ಲ ಎಂದು ಹೇಳಿದರು. ಮೊದಲು ಬಂದದ್ದು ಕೊಟ್ರೇಶ. ತಮ್ಮ ಹೆಸರುವಾಸಿ ಹಿಟ್ಟಿನ ಪಾತ್ರೆ ಹೊತ್ತು, ತಲೆ ತಗ್ಗಿಸಿಕೊಂಡು ಬಂದರು. ಅವರ ಹಿಂದೆ ಮನೆಮನೆಯಿಂದ ಪಾತ್ರೆಗಳು ಬಂದವು.

ಸುದ್ದಿ ಹೋಟೆಲಿನಿಂದ ಹೋಟೆಲಿಗೆ ಹೋಯಿತು. ಸಂಜೆಯ ಹೊತ್ತಿಗೆ ಊರಿನ ಕಿರಾಣಿ ಅಂಗಡಿಗಳಲ್ಲಿ ಮೆಂತ್ಯದ ಚೀಲಗಳು ಒಳಗೆ ಸರಿದವು. ಊರಂಚಿನ ರೈತರು ಕಟಾವಿಗೆ ಬಂದ ಸೊಪ್ಪನ್ನು ಕಿತ್ತು ಸುಟ್ಟು, ಮಡಿಗೆ ಮೂಲಂಗಿ ಹಾಕಿದರು. ಕೊಳವೆಯ ಕೀಲನ್ನು ಬಿಗಿಸಿದೆವು, ಬೀಜಕೋಣೆಗೆ ಬೀಗ ಬಿತ್ತು. ಸುದ್ದಿ ಹೊರಬಿದ್ದ ಮೇಲೆ ಓಸ್ಟ್ರಾಮ್ ವಿಮಾನ ಬೆಂಗಳೂರಿನ ಹ್ಯಾಂಗರ್‌ನಲ್ಲೇ ನಿಂತಿತು. ಭಾರ್ಗವ ನನ್ನನ್ನು ಕೆಲಸದಿಂದ ತೆಗೆಯುವ ಆದೇಶವನ್ನು ತಾವೇ ಓದಿ ಹೇಳಿದರು, ಓದಿ ಮುಗಿಸಿ ನನ್ನ ಮುಂದೆಯೇ ಕಣ್ಣೊರೆಸಿಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಬೆಲ್‌ಕ್ರೆಸ್ಟ್ ಈಗ ಹಾರುತ್ತದೆ, ಗೆಲ್ಲುತ್ತದೆ ಎಂದು ಎಲ್ಲರೂ ಕಾದರು. ಹಾರಲಿಲ್ಲ. ಲವೀನಾ ತಮ್ಮ ಕಂಪನಿ ಮುಚ್ಚಿಟ್ಟ ಕಥೆಯನ್ನೂ, ದ್ವೀಪಗಳಲ್ಲಿ ಬೋಳಾದ ಕಾಡಿನ ಲೆಕ್ಕವನ್ನೂ ಬಹಿರಂಗವಾಗಿ ಹೇಳಿಬಿಟ್ಟಿದ್ದಳು. ಅವಳ ಕೆಲಸವೂ ಹೋಯಿತು. ಎರಡು ವಿಮಾನಗಳೂ ನೆಲದ ಮೇಲೆ ಉಳಿದ ಮೇಲೆ ಎರಡು ಕಂಪನಿಗಳಿಗೂ ಬೇರೆ ದಾರಿ ಇರಲಿಲ್ಲ. ತಪ್ಪುಗಳನ್ನು ಮುಚ್ಚಿಡದೆ ಪರಸ್ಪರ ಹೇಳಿಕೊಳ್ಳಬೇಕು ಎಂಬ ಒಪ್ಪಂದಕ್ಕೆ ಬಂದರು. ಇಬ್ಬರಿಗೂ ಅದು ಬೇವಿನ ಕಷಾಯ, ಆದರೂ ಕುಡಿದರು.

ಆ ತಿಂಗಳು ದಾವಣಗೆರೆ ದೋಸೆಯಿಲ್ಲದೆ ಬದುಕಿತು. ಕೇಳಿದವರು ನಂಬುವುದಿಲ್ಲ. ರೊಟ್ಟಿ ತಿಂದರು, ಉಪ್ಪಿಟ್ಟು ತಿಂದರು, ಸಂಜೆಗೆ ಮಂಡಕ್ಕಿ ಮೆಣಸಿನಕಾಯಿ ಹೇಗೂ ಇತ್ತು. ಬಾಣಂತಿಯರ ಮೆಂತ್ಯದ ಲಾಡು ಕೂಡ ನಿಂತಿತು, ಅಜ್ಜಿಯರು ಗೊಣಗಿದರು, ಆದರೆ ಕದ್ದು ಮಾಡಲಿಲ್ಲ. ಹಾಲಮ್ಮ ಹೋಟೆಲಿನಲ್ಲಿ ಅವಲಕ್ಕಿ ಮಾರಿದರು. ನಾನು ದಾರಿಯಲ್ಲಿ ಸಿಕ್ಕರೆ ಜನ ಬಿಡುತ್ತಿರಲಿಲ್ಲ. ನಿಮ್ಮ ಇಮಾನ ನಮ್ಮ ದೋಸಿ ನುಂಗ್ತಲ್ರಿ ಡಾಕ್ಟ್ರಮ್ಮ ಎಂದು ನಗುತ್ತಿದ್ದರು. ಅವರು ನಕ್ಕಿದ್ದಕ್ಕೇ ನಾನು ಆ ಓಣಿಯಲ್ಲಿ ತಲೆಯೆತ್ತಿ ನಡೆದೆ. ಕಲ್ಲು ಹೊಡೆಯಬಹುದಿತ್ತು, ಹೊಡೆದಿದ್ದರೂ ತಪ್ಪೆನ್ನುತ್ತಿರಲಿಲ್ಲ.

ತಿಂಗಳು ಮುಗಿದ ಮೇಲೆ ಜಿಲ್ಲಾಡಳಿತದವರ ಜೊತೆ ದೀಪ ಹಿಡಿದು ಊರೆಲ್ಲ ಸುತ್ತಿದೆ. ಚರಂಡಿ, ಮಡಿ, ಮಾರುಕಟ್ಟೆಯ ಅಂಗಳ, ಅಡುಗೆಮನೆಗಳ ಮೂಲೆ. ಎಲ್ಲಿಯೂ ಹಸಿರು ಕಾಣಲಿಲ್ಲ. ಒಂದೇ ಒಂದು ಮನೆಯೂ ಒಂದು ಸೌಟನ್ನೂ ಉಳಿಸಿಕೊಂಡಿರಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಕಣ್ಣು ತುಂಬುತ್ತದೆ.

ಮರುದಿನ ಇಳಿಹೊತ್ತಿನಲ್ಲಿ ಹಾಲಮ್ಮ ನಮ್ಮ ಮನೆಗೆ ಬಂದರು. ಆಗ ತಾನೇ ರುಬ್ಬಿದ ಹಿಟ್ಟಿನ ಕೊಳಗವನ್ನು ಕಟ್ಟೆಯ ಮೇಲೆ ಇಳಿಸಿದರು. ಹಳೆ ಹಿಟ್ಟು ಒಂದು ಹನಿಯೂ ಇಲ್ಲದ, ಎಲ್ಲಿಂದಲೂ ಬಾರದ ಹೊಸ ಹಿಟ್ಟು. ಇಂಥ ಹಿಟ್ಟನ್ನು ಕೈಯಿಂದಲೇ ಕಲಸಬೇಕು, ಮೊದಲು ಕಲಸಿದವರ ಕೈಯ ಹುಳಿಯೇ ಅದಕ್ಕೆ ಕೊನೆತನಕ ಉಳಿಯುವುದು ಎಂದರು. ಹಾಗಾದರೆ ನೀವೇ ಕಲಸಿ ಎಂದೆ. ಅವರು ತಲೆಯಾಡಿಸಿದರು.

“ನೀವು ಕಲಸ್ರಿ ಡಾಕ್ಟ್ರಮ್ಮ.”

“ಈ ಕೈಯಿಂದಲೇ ಅಲ್ವೇನ್ರಿ ಆ ರೋಗ ಬಂದದ್ದು,” ಎಂದೆ.

“ಅದಕ್ಕ ಹೇಳಾಕ್ಹತ್ತೀನಿ. ಇನ್ನೊಬ್ರಾಗಿದ್ರ ಕೈ ಮುಚ್ಚಿಟ್ಕೋತಿದ್ರು.”

ನಾನು ಬಚ್ಚಲಿಗೆ ಹೋಗಿ ಕೈ ತೊಳೆದೆ. ಬರೀ ನೀರಿನಿಂದ ತೊಳೆಯಿರಿ, ಸೋಪು ಬೇಡ ಎಂದು ಹಾಲಮ್ಮ ಹೊರಗಿನಿಂದ ಕೂಗಿ ಹೇಳಿದರು. ಬಳೆ ಮೇಲೇರಿಸಿ ಮೊಣಕೈವರೆಗೂ ಕೈ ಇಳಿಸಿ, ತಳದಿಂದ ಮೇಲಕ್ಕೆ, ಮೇಲಿಂದ ತಳಕ್ಕೆ, ಅವರು ಸಾಕು ಅನ್ನುವವರೆಗೂ ಕಲಸಿದೆ. ಕೊಳಗಕ್ಕೆ ಬಟ್ಟೆ ಕಟ್ಟಿಕೊಂಡು ಅವರು ಹೋದರು. ನಾನು ಕೈ ತೊಳೆಯದೆ ಹಾಗೇ ಕುಳಿತಿದ್ದೆ, ಹಿಟ್ಟು ಒಣಗಿ ಚರ್ಮ ಬಿಗಿಯುವವರೆಗೂ.

ಬೆಳಿಗ್ಗೆ ಹಾಲಮ್ಮ ತಮ್ಮ ಹೋಟೆಲಿನ ಬಾಗಿಲಲ್ಲಿ ನಿಂತು ನಮ್ಮ ಮನೆಯ ಕಡೆ ಕೂಗಿದರು. ಹಿಟ್ಟು ಉಬ್ಬಿತ್ತು.